ಮಾರುತಿ ಗಾಡಿಯ ಎಂಜಿನ್: ಅಂಕಿ ಓದೋಣ, ಅರ್ಥ ತಿಳಿಯೋಣ



ನೀವು ಅಕ್ಷರ ಕಲಿತಿದ್ದೀರಿ. ಅಂಕಿ ಕಲಿತಿದ್ದೀರಿ. ಈಗ ಬಸ್ಸಿನ ಬೋರ್ಡು ಓದುತ್ತೀರಿ. ಕರೆಂಟ್ ಬಿಲ್ಲು ಬಂದರೆ ನೀವೇ ನೋಡುತ್ತೀರಿ. ಸಂಘದ ಪಾಸ್ ಪುಸ್ತಕದಲ್ಲಿ ಎಷ್ಟು ಜಮಾ, ಎಷ್ಟು ಬಾಕಿ ಎಂದು ಲೆಕ್ಕ ಹಾಕುತ್ತೀರಿ.

ಈ ಪಾಠದಲ್ಲಿ ಇನ್ನೊಂದು ಕಾಗದ ಓದೋಣ. ಅದು ಮೋಟಾರು ಗಾಡಿಯ ಕಾಗದ. ಗಾಡಿಯ ವಿಷಯ ಗಂಡಸರಿಗೆ ಬಿಟ್ಟದ್ದು ಎಂದು ಹಲವರು ತಿಳಿದಿದ್ದಾರೆ. ಆದರೆ ಗಾಡಿ ಕೊಳ್ಳುವ ಹಣದಲ್ಲಿ ನಮ್ಮ ಉಳಿತಾಯವೂ ಇರುತ್ತದೆ. ಸಾಲದ ಕಾಗದದ ಮೇಲೆ ನಮ್ಮ ಸಹಿಯೂ ಇರುತ್ತದೆ. ಹಾಗಾದರೆ ಆ ಗಾಡಿಯ ಅಂಕಿಗಳು ನಮಗೂ ತಿಳಿದಿರಬೇಕು.

1. ಅಕ್ಕ ತಂದ ಕಾಗದ

ನಮ್ಮ ಗಣೇಶಗುಡಿಯ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಹೆಸರು ಬರೆಯುವುದು ಬೇಡ ಎಂದಿದ್ದಾರೆ. ನಾವು ಅಕ್ಕ ಎಂದೇ ಕರೆಯೋಣ.

ಒಂದು ಮಳೆಗಾಲದ ರಾತ್ರಿ ಅವರ ಅತ್ತೆಗೆ ಉಬ್ಬಸ ಎದ್ದಿತು. ದಾಂಡೇಲಿಗೆ ಕರೆದುಕೊಂಡು ಹೋಗಬೇಕು. ಆ ಹೊತ್ತಿನಲ್ಲಿ ಬಸ್ಸಿಲ್ಲ. ಬಾಡಿಗೆ ಗಾಡಿ ಸಿಗಲು ಎರಡು ತಾಸು ಹಿಡಿಯಿತು. ಅತ್ತೆ ಬದುಕಿಕೊಂಡರು. ಆದರೆ ಆ ಎರಡು ತಾಸನ್ನು ಅಕ್ಕ ಮರೆಯಲಿಲ್ಲ.

ಆಗಲೇ ಮನೆಯಲ್ಲಿ ಹಳೆಯ ಗಾಡಿ ಕೊಳ್ಳುವ ಮಾತು ಬಂತು. ಸಂಘದಿಂದ 40,000 ರೂಪಾಯಿ ಸಾಲ. ಎಮ್ಮೆ ಮಾರಿದ ಹಣದಲ್ಲಿ 15,000. ಒಟ್ಟು 55,000. ಮಗ ಒಂದು ಮಾರುತಿ 800 ಗಾಡಿ ನೋಡಿ ಬಂದ. 2,000 ರೂಪಾಯಿ ಮುಂಗಡವನ್ನೂ ಕೊಟ್ಟು ಬಂದ. ಗಾಡಿಯ ಕಾಗದದ ಜೆರಾಕ್ಸ್ ಪ್ರತಿ ತಂದ.

ಸಾಲ ಅಕ್ಕನ ಹೆಸರಿನಲ್ಲಿ. ಅವರು ಆ ಜೆರಾಕ್ಸ್ ಪ್ರತಿಯನ್ನು ಸಂಜೆ ಕೇಂದ್ರಕ್ಕೆ ತಂದರು.

"ಅಕ್ಕೋರೆ, ಇದರಾಗ ಏನ್ ಬರದೈತಿ ಹೇಳ್ರಿ. ಇಂಗ್ಲಿಷ್ ಐತಿ."

"ಅಕ್ಷರ ಇಂಗ್ಲಿಷಿನಾಗ ಐತಿ ಅಕ್ಕಾ. ಅಂಕಿ ಯಾವ ಭಾಷೆದಾಗ ಐತಿ?"

ಅಕ್ಕ ಕಾಗದವನ್ನು ದೀಪದ ಕೆಳಗೆ ಹಿಡಿದರು. ಬೆರಳಿಟ್ಟು ಓದಿದರು. "ಏಳು... ಒಂಬತ್ತು... ಆರು. ಏಳುನೂರಾ ತೊಂಬತ್ತಾರು."

"ಹಾಂ, ಅಲ್ಲಿಂದಲೇ ಶುರು ಮಾಡೋಣ" ಎಂದೆ.

ನನಗೂ ಗಾಡಿಯ ವಿಷಯ ಪೂರ್ತಿ ತಿಳಿದಿರಲಿಲ್ಲ. ನಾನು ಕಲಿತದ್ದು ಮಕ್ಕಳಿಗೆ ಪಾಠ ಹೇಳುವ ತರಬೇತಿ. ಹಾಗಾಗಿ ಪುಸ್ತಕ ನೋಡಿದೆ. ಗ್ಯಾರೇಜಿನ ಮೇಸ್ತ್ರಿಯನ್ನು ಕೇಳಿದೆ. ಮೂರು ಸಂಜೆ ಎಲ್ಲರೂ ಸೇರಿ ಆ ಕಾಗದ ಓದಿದೆವು. ಆ ಮೂರು ಸಂಜೆಯ ಪಾಠವೇ ಇದು.

2. ಮಾರುತಿ 800 ಎಂದರೆ ಯಾವ ಗಾಡಿ?

ಮೊದಲು ನಮ್ಮ ದೇಶದ ರಸ್ತೆಗಳಲ್ಲಿ ಹೆಚ್ಚಾಗಿ ಕಾಣುತ್ತಿದ್ದ ಕಾರುಗಳು ಎರಡೇ. ಒಂದು ಅಂಬಾಸಿಡರ್, ಇನ್ನೊಂದು ಫಿಯೆಟ್. ಫಿಯೆಟ್ ಗಾಡಿಗೆ ಮುಂದೆ ಪ್ರೀಮಿಯರ್ ಪದ್ಮಿನಿ ಎಂದು ಹೆಸರಾಯಿತು.

1983ರಲ್ಲಿ ಮಾರುತಿ 800 ಬಂತು. ಹರಿಯಾಣದ ಗುರುಗಾಂವ್‌ನಲ್ಲಿ ಇದರ ಕಾರ್ಖಾನೆ. ಜಪಾನಿನ ಸುಜುಕಿ ಕಂಪನಿ ಇದರಲ್ಲಿ ಪಾಲುದಾರ. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಗಾಡಿಯ ಕೀಲಿಯನ್ನು ಕೊಟ್ಟರು. ಆಗ ಅದರ ಬೆಲೆ ಸುಮಾರು 50 ಸಾವಿರ ರೂಪಾಯಿ.

ಸಣ್ಣ ಗಾಡಿ, ಕಡಿಮೆ ತೂಕ, ಸುಮಾರು 650 ಕಿಲೋ. ಕೆಟ್ಟರೆ ಸಣ್ಣ ಊರಿನ ಮೇಸ್ತ್ರಿಯೂ ರಿಪೇರಿ ಮಾಡಬಲ್ಲ. ಆದ್ದರಿಂದ ಜನ ಇದನ್ನು ಮೆಚ್ಚಿದರು. 25 ಲಕ್ಷಕ್ಕಿಂತ ಹೆಚ್ಚು ಗಾಡಿಗಳು ತಯಾರಾದವು. 2014ರ ಜನವರಿಯಲ್ಲಿ ಇದರ ತಯಾರಿಕೆ ನಿಂತಿತು.

ಅಂದರೆ ಈಗ ಮಾರಾಟಕ್ಕೆ ಸಿಗುವ ಮಾರುತಿ 800 ಎಲ್ಲವೂ ಹಳೆಯ ಗಾಡಿಗಳೇ. ಹಳೆಯದನ್ನು ಕೊಳ್ಳುವುದು ತಪ್ಪಲ್ಲ. ನೋಡದೆ ಕೊಳ್ಳುವುದು ತಪ್ಪು.

3. ಎಂಜಿನ್ ಒಳಗೆ ಏನಿದೆ?

ಗಾಡಿಯ ಮುಂದಿನ ಮುಚ್ಚಳಕ್ಕೆ ಬಾನೆಟ್ ಎನ್ನುತ್ತಾರೆ. ಬಾನೆಟ್ ಎತ್ತಿದರೆ ಎಂಜಿನ್ ಕಾಣುತ್ತದೆ. ಇದು ಗಾಡಿಯ ಎದೆ ಇದ್ದ ಹಾಗೆ.

ಎಂಜಿನ್ನಿನ ಒಳಗೆ ದುಂಡನೆಯ ಕೊಳವೆಗಳಿವೆ. ಇದಕ್ಕೆ ಸಿಲಿಂಡರ್ ಎನ್ನುತ್ತಾರೆ. ಇದು ಅಡುಗೆ ಗ್ಯಾಸಿನ ಸಿಲಿಂಡರ್ ಅಲ್ಲ. ಹೆಸರು ಮಾತ್ರ ಒಂದೇ. ಮಾರುತಿ 800ರಲ್ಲಿ ಇಂಥ ಸಿಲಿಂಡರ್ 3 ಇವೆ.

ಪ್ರತಿ ಸಿಲಿಂಡರಿನ ಒಳಗೆ ಒಂದು ಪಿಸ್ಟನ್ ಇದೆ. ಸೈಕಲ್ ಪಂಪ್ ನೋಡಿದ್ದೀರಿ. ಕೊಳವೆಯ ಒಳಗೆ ದಟ್ಟ ಮೇಲೆ ಕೆಳಗೆ ಆಡುತ್ತದೆ. ಪಿಸ್ಟನ್ ಕೂಡ ಹಾಗೆಯೇ ಮೇಲೆ ಕೆಳಗೆ ಆಡುತ್ತದೆ.

ಮೇಲೆ ಕೆಳಗೆ ಆಡುವುದರಿಂದ ಚಕ್ರ ಹೇಗೆ ತಿರುಗುತ್ತದೆ? ಹೊಲಿಗೆ ಯಂತ್ರವನ್ನು ನೆನೆಸಿಕೊಳ್ಳಿ. ಕಾಲಿನಿಂದ ಹಲಗೆ ತುಳಿಯುತ್ತೀರಿ. ಹಲಗೆ ಮೇಲೆ ಕೆಳಗೆ ಆಡುತ್ತದೆ. ಪಕ್ಕದ ಸಲಾಕೆ ಅದನ್ನು ದೊಡ್ಡ ಚಕ್ರಕ್ಕೆ ಜೋಡಿಸಿದೆ. ಚಕ್ರ ಗಿರಗಿರ ತಿರುಗುತ್ತದೆ. ಎಂಜಿನ್ನಿನಲ್ಲೂ ಹೀಗೆಯೇ. ಪಿಸ್ಟನ್ ಎಂಬುದು ಹಲಗೆ. ಅದಕ್ಕೊಂದು ಸಲಾಕೆ. ಸಲಾಕೆ ತಿರುಗಿಸುವ ದಂಡಕ್ಕೆ ಕ್ರ್ಯಾಂಕ್ ಎಂದು ಹೆಸರು.

ಹೊಲಿಗೆ ಯಂತ್ರವನ್ನು ತುಳಿಯುವುದು ನಿಮ್ಮ ಕಾಲು. ಪಿಸ್ಟನ್ ತುಳಿಯುವುದು ಯಾರು? ಪೆಟ್ರೋಲಿನ ಬೆಂಕಿ. ಅದರ ಕೆಲಸ ನಾಲ್ಕು ಹೆಜ್ಜೆಯಲ್ಲಿ ನಡೆಯುತ್ತದೆ.

ಒಂದನೇ ಹೆಜ್ಜೆ: ಎಳೆಯುವುದು. ಪಿಸ್ಟನ್ ಕೆಳಗೆ ಇಳಿಯುತ್ತದೆ. ಗಾಳಿ ಮತ್ತು ಪೆಟ್ರೋಲ್ ಹನಿ ಒಳಗೆ ಬರುತ್ತವೆ.

ಎರಡನೇ ಹೆಜ್ಜೆ: ಒತ್ತುವುದು. ಪಿಸ್ಟನ್ ಮೇಲೆ ಏರುತ್ತದೆ. ಒಳಗಿನ ಗಾಳಿ ಸುಮಾರು ಒಂಬತ್ತರಲ್ಲಿ ಒಂದು ಪಾಲು ಜಾಗಕ್ಕೆ ಕುಗ್ಗುತ್ತದೆ.

ಮೂರನೇ ಹೆಜ್ಜೆ: ಉರಿಯುವುದು. ಪ್ಲಗ್ ಒಂದು ಕಿಡಿ ಹಾರಿಸುತ್ತದೆ. ಪೆಟ್ರೋಲ್ ಭಗ್ ಎಂದು ಉರಿಯುತ್ತದೆ. ಗಾಳಿ ಉಬ್ಬಿ ಪಿಸ್ಟನ್ನನ್ನು ಕೆಳಗೆ ತಳ್ಳುತ್ತದೆ. ಕುದಿಯುವ ಪಾತ್ರೆಯ ಮುಚ್ಚಳವನ್ನು ಹಬೆ ಎತ್ತುವ ಹಾಗೆ. ಗಾಡಿ ಓಡುವ ಬಲ ಇಲ್ಲಿಂದಲೇ.

ನಾಲ್ಕನೇ ಹೆಜ್ಜೆ: ಹೊರಹಾಕುವುದು. ಪಿಸ್ಟನ್ ಮತ್ತೆ ಏರುತ್ತದೆ. ಹೊಗೆ ಹೊರಗೆ ಹೋಗುತ್ತದೆ.

ಎಳೆ, ಒತ್ತು, ಉರಿ, ಹೊರಹಾಕು. ಮೂರು ಸಿಲಿಂಡರ್‌ಗಳೂ ಸರದಿಯ ಮೇಲೆ ಈ ಕೆಲಸ ಮಾಡುತ್ತವೆ. ಮೊದಲು ಒಂದನೆಯದು ಉರಿಯುತ್ತದೆ. ಆಮೇಲೆ ಮೂರನೆಯದು. ಆಮೇಲೆ ಎರಡನೆಯದು. ಮೇಸ್ತ್ರಿಗಳು ಇದನ್ನೇ 1-3-2 ಎನ್ನುತ್ತಾರೆ. ಮೂವರು ಹೆಂಗಸರು ಒಂದೇ ಒರಳಿನಲ್ಲಿ ಸರದಿಯಂತೆ ಒನಕೆ ಹಾಕುವುದನ್ನು ಕಂಡವರಿಗೆ ಇದು ಕೂಡಲೇ ತಿಳಿಯುತ್ತದೆ. ಸರದಿ ತಪ್ಪಿದರೆ ಒನಕೆಗೆ ಒನಕೆ ಬಡಿಯುತ್ತದೆ. ಎಂಜಿನ್ನಿನಲ್ಲಿ ಸರದಿ ತಪ್ಪಿದರೆ ಗಾಡಿ ನಡುಗುತ್ತದೆ, ನಿಂತೇ ಹೋಗುತ್ತದೆ.

4. 796 ಸಿ.ಸಿ. ಅಂದರೇನು?

ಅಕ್ಕ ಓದಿದ ಮೊದಲ ಅಂಕಿ 796. ಅದರ ಪಕ್ಕದಲ್ಲಿ ಸಿ.ಸಿ. ಎಂದಿತ್ತು. ಸಿ.ಸಿ. ಎಂಬುದು ಅಳತೆ. ಹಾಲಿಗೆ ಲೀಟರ್ ಇದ್ದ ಹಾಗೆ.

ಮಕ್ಕಳ ಔಷಧದ ಬಾಟಲಿಯ ಮುಚ್ಚಳ ನೋಡಿ. ಅದರಲ್ಲಿ 5 ಮಿ.ಲೀ. ಎಂದು ಗೆರೆ ಇರುತ್ತದೆ. 1 ಮಿ.ಲೀ. ಎಂದರೂ 1 ಸಿ.ಸಿ. ಎಂದರೂ ಒಂದೇ. ಒಂದು ಲೀಟರಿಗೆ 1000 ಸಿ.ಸಿ.

ಪಿಸ್ಟನ್ ಕೆಳಗಿಂದ ಮೇಲಕ್ಕೆ ಆಡುವ ಜಾಗದ ಅಳತೆಯೇ ಸಿ.ಸಿ. ಮಾರುತಿಯ ಒಂದು ಸಿಲಿಂಡರಿನ ಅಗಲ 68.5 ಮಿಲಿಮೀಟರ್. ಅಂದರೆ ಏಳು ಸೆಂಟಿಮೀಟರಿಗೆ ಸ್ವಲ್ಪ ಕಡಿಮೆ. ಪಿಸ್ಟನ್ ಏರಿ ಇಳಿಯುವ ದೂರ 72 ಮಿಲಿಮೀಟರ್. ಇದರೊಳಗೆ 265 ಸಿ.ಸಿ.ಗಿಂತ ಸ್ವಲ್ಪ ಹೆಚ್ಚು ನೀರು ಹಿಡಿಯುತ್ತದೆ. ಕಾಲು ಲೀಟರ್ ಹಾಲಿನ ಅಳತೆಗಿಂತ ಚೂರು ಜಾಸ್ತಿ.

ಈಗ ಕೂಡಿಸಿ:

265 + 265 + 265 = 795

ಆ ಸ್ವಲ್ಪ ಸ್ವಲ್ಪ ಸೇರಿ 796 ಆಗುತ್ತದೆ. 796ನ್ನು ಬಾಯಿಮಾತಿಗೆ 800 ಎಂದರು. ಅದೇ ಗಾಡಿಯ ಹೆಸರಾಯಿತು.

ಇದನ್ನು ಕೇಳಿ ಅಕ್ಕ ನಕ್ಕರು. "ಅಂದ್ರ ಇಷ್ಟು ದೊಡ್ಡ ಗಾಡಿ ಎಳೆಯೋದು ಒಂದು ಲೀಟರಿಗೂ ಕಡಿಮಿ ಜಾಗೇನ್ರಿ!"

ಹೌದು. ಬೇರೆ ಗಾಡಿಗಳ ಅಳತೆಯನ್ನೂ ನೋಡಿ:

ಸಾಮಾನ್ಯ ಮೋಟಾರ್ ಸೈಕಲ್: ಸುಮಾರು 100 ಸಿ.ಸಿ., 1 ಸಿಲಿಂಡರ್
ಮಾರುತಿ 800: 796 ಸಿ.ಸಿ., 3 ಸಿಲಿಂಡರ್
ಪ್ರೀಮಿಯರ್ ಪದ್ಮಿನಿ: 1089 ಸಿ.ಸಿ., 4 ಸಿಲಿಂಡರ್
ಹಳೆಯ ಪೆಟ್ರೋಲ್ ಅಂಬಾಸಿಡರ್: 1489 ಸಿ.ಸಿ., 4 ಸಿಲಿಂಡರ್

ಮೇಸ್ತ್ರಿಗಳು "ಎಂಜಿನ್ ಬೋರಿಗೆ ಬಂದಿದೆ" ಎನ್ನುತ್ತಾರೆ. ಬೋರ್ ಎಂದರೆ ಸಿಲಿಂಡರಿನ ಆ 68.5ರ ಅಗಲ. ಲಕ್ಷಗಟ್ಟಲೆ ಸಲ ಪಿಸ್ಟನ್ ಉಜ್ಜಿ ಉಜ್ಜಿ ಸಿಲಿಂಡರಿನ ಒಳಮೈ ಸವೆಯುತ್ತದೆ. ಆಗ ಒಳಮೈಯನ್ನು ಕೊರೆದು ಸಮ ಮಾಡಬೇಕು. ಸ್ವಲ್ಪ ದಪ್ಪದ ಪಿಸ್ಟನ್ ಹಾಕಬೇಕು. ಇದು ದೊಡ್ಡ ಖರ್ಚಿನ ಕೆಲಸ. ಆದ್ದರಿಂದ ಹಳೆಯ ಗಾಡಿ ಕೊಳ್ಳುವಾಗ "ಬೋರ್ ಆಗಿದೆಯೇ, ಆಗಬೇಕಿದೆಯೇ" ಎಂದು ಕೇಳಿರಿ.

5. ಬಲದ ಲೆಕ್ಕ

ಮಾರುತಿ 800ರ ಎಂಜಿನ್ ಬಲ 37 ಅಶ್ವಶಕ್ತಿ. ಇದನ್ನು ಎಚ್.ಪಿ. ಎಂದೂ ಹೇಳುತ್ತಾರೆ. ಹೊಲದ ನೀರಿನ ಪಂಪಿನ ಮೇಲೆ 5 ಎಚ್.ಪಿ. ಎಂದು ಬರೆದಿರುವುದನ್ನು ನೀವು ಕಂಡಿರಬಹುದು. ಅಂಥ ಏಳು ಪಂಪುಗಳ ಬಲ ಕೂಡಿದರೆ 35. ಮಾರುತಿಯ ಬಲ ಅದಕ್ಕಿಂತ ಸ್ವಲ್ಪ ಹೆಚ್ಚು.

ನಮ್ಮ ಊರಿನ ಪಕ್ಕದಲ್ಲೇ ಸೂಪಾ ಅಣೆಕಟ್ಟು ಇದೆ. ಕಾಳಿ ನದಿಗೆ ಅಡ್ಡವಾಗಿ ಕಟ್ಟಿದ ಈ ಕಟ್ಟೆಯ ಎತ್ತರ 101 ಮೀಟರ್. ಅದರ ಕೆಳಗಿನ ವಿದ್ಯುದಾಗಾರದಲ್ಲಿ ಎರಡು ಯಂತ್ರಗಳಿವೆ. ಒಂದೊಂದರ ಶಕ್ತಿ 50 ಮೆಗಾವ್ಯಾಟ್. 1 ಅಶ್ವಶಕ್ತಿ ಎಂದರೆ 746 ವ್ಯಾಟ್. ಲೆಕ್ಕ ಹಾಕಿದರೆ ಸೂಪಾದ ಒಂದು ಯಂತ್ರ ಸುಮಾರು 1,800 ಮಾರುತಿ ಎಂಜಿನ್‌ಗಳಿಗೆ ಸಮ. ಅಲ್ಲಿ ಯಂತ್ರ ತಿರುಗಿಸುವುದು ನೀರು. ಇಲ್ಲಿ ತಿರುಗಿಸುವುದು ಬೆಂಕಿ.

37 ಅಶ್ವಶಕ್ತಿ ಯಾವಾಗಲೂ ಸಿಗುವುದಿಲ್ಲ. ಎಂಜಿನ್ ನಿಮಿಷಕ್ಕೆ 5000 ಸುತ್ತು ತಿರುಗುವಾಗ ಮಾತ್ರ ಸಿಗುತ್ತದೆ. ಎರಡು ಸುತ್ತಿಗೆ ಒಂದು ಸಲ ಒಂದು ಸಿಲಿಂಡರಿನಲ್ಲಿ ಬೆಂಕಿ ಉರಿಯುತ್ತದೆ. ಹಾಗಾದರೆ 5000 ಸುತ್ತಿಗೆ ಒಂದು ಸಿಲಿಂಡರಿನಲ್ಲಿ 2500 ಸಲ. ಮೂರು ಸಿಲಿಂಡರ್ ಸೇರಿ ನಿಮಿಷಕ್ಕೆ 7500 ಸಲ! ಎಂಜಿನ್ ಏಕೆ ಬಿಸಿಯಾಗುತ್ತದೆ ಎಂದು ಈಗ ತಿಳಿಯಿತಲ್ಲವೇ?

ಇನ್ನೊಂದು ಬಲವಿದೆ. ಅದು ತಿರುಚುವ ಬಲ. ಇದಕ್ಕೆ ಟಾರ್ಕ್ ಎನ್ನುತ್ತಾರೆ. ಬೀಸುಕಲ್ಲಿನ ಗೂಟ ಹಿಡಿದು ತಿರುಗಿಸುವಾಗ ನಿಮ್ಮ ತೋಳು ಕೊಡುವ ಬಲ ಇದೇ. ಮಾರುತಿಯಲ್ಲಿ ಇದು 59 ನ್ಯೂಟನ್ ಮೀಟರ್. ಒಂದು ಮೀಟರ್ ಉದ್ದದ ಕೋಲಿನ ತುದಿಗೆ ಸುಮಾರು 6 ಕಿಲೋ ತೂಕ ತೂಗುಬಿಟ್ಟರೆ ಬೀಳುವ ಬಲ ಇದು. ನಿಮಿಷಕ್ಕೆ 2500 ಸುತ್ತು ಇರುವಾಗ ಈ ಬಲ ಅತಿ ಹೆಚ್ಚು.

ನಮ್ಮ ಜೋಯಿಡಾ ಕಡೆಯ ರಸ್ತೆ ಏರಿಳಿತದ್ದು. ಏರಿನಲ್ಲಿ ದೊಡ್ಡ ಗೇರಿನಲ್ಲೇ ಹೋದರೆ ಎಂಜಿನ್ನಿನ ಸುತ್ತು ಕಡಿಮೆಯಾಗುತ್ತದೆ. ತಿರುಚುವ ಬಲ ಸಾಲದೆ ಗಾಡಿ ಏದುಸಿರು ಬಿಡುತ್ತದೆ. ಆಗ ಸಣ್ಣ ಗೇರಿಗೆ ಬರಬೇಕು. ಈ ಗಾಡಿಗೆ ಮುಂದೆ ಹೋಗಲು ಸಾಮಾನ್ಯವಾಗಿ 4 ಗೇರ್‌ಗಳಿವೆ.

6. ಎಂಜಿನ್ನಿನ ಆರೋಗ್ಯ ನೋಡುವುದು ಹೇಗೆ?

ಮಗುವಿಗೆ ಜ್ವರ ಬಂದರೆ ಹಣೆ ಮುಟ್ಟಿ ನೋಡುತ್ತೀರಿ. ನಾಲಗೆ ನೋಡುತ್ತೀರಿ. ಎಂಜಿನ್ನನ್ನೂ ಹಾಗೆ ನೋಡಬಹುದು.

ಬೆಳಿಗ್ಗೆ ನೋಡಿ. ಗಾಡಿ ನೋಡಲು ಬೆಳಿಗ್ಗೆ ಹೋಗಿ. ತಣ್ಣಗಿರುವ ಎಂಜಿನ್ ನಿಮ್ಮ ಎದುರಿಗೇ ಚಾಲೂ ಆಗಬೇಕು. ಮಾರುವವರು ಮೊದಲೇ ಚಾಲೂ ಮಾಡಿ ಬಿಸಿ ಮಾಡಿ ಇಟ್ಟರೆ ತೊಂದರೆ ಮುಚ್ಚಿಹೋಗುತ್ತದೆ.

ಹೊಗೆ ನೋಡಿ. ಹಿಂದಿನ ಕೊಳವೆಯಿಂದ ಬರುವ ಹೊಗೆ ಮಾತಾಡುತ್ತದೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಎಂಜಿನ್ ಬೋರಿಗೆ ಬಂದಿರಬಹುದು. ಕಪ್ಪು ಹೊಗೆ ಬಂದರೆ ಪೆಟ್ರೋಲ್ ಹೆಚ್ಚು ಸುಡುತ್ತಿದೆ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ನೀರು ಎಂಜಿನ್ನಿನ ಒಳಗೆ ಸೇರುತ್ತಿರಬಹುದು. ಚಳಿಯ ಬೆಳಿಗ್ಗೆ ಸ್ವಲ್ಪ ಹೊತ್ತು ಬಿಳಿ ಹಬೆ ಬರುವುದು ಸಹಜ. ಅದಕ್ಕೆ ಹೆದರಬೇಡಿ.

ಆಯಿಲ್ ನೋಡಿ. ಎಂಜಿನ್ನಿನಲ್ಲಿ ಒಂದು ತೆಳುವಾದ ಕಡ್ಡಿ ಸಿಕ್ಕಿಸಿರುತ್ತದೆ. ಗಾಡಿ ನಿಲ್ಲಿಸಿ ಸ್ವಲ್ಪ ಹೊತ್ತು ಬಿಡಿ. ಕಡ್ಡಿ ಎಳೆದು ಬಟ್ಟೆಯಿಂದ ಒರೆಸಿ. ಮತ್ತೆ ಹಾಕಿ ಎಳೆಯಿರಿ. ಕಡ್ಡಿಯ ಮೇಲೆ ಎರಡು ಗುರುತುಗಳಿವೆ. ಆಯಿಲ್ ಆ ಎರಡರ ನಡುವೆ ಇರಬೇಕು. ಆಯಿಲ್ ಹಾಲು ಬೆರೆತ ಚಹಾದ ಬಣ್ಣಕ್ಕೆ ತಿರುಗಿದ್ದರೆ ಅದರಲ್ಲಿ ನೀರು ಸೇರಿದೆ. ಅಂಥ ಗಾಡಿ ಬೇಡ.

ಎಚ್ಚರಿಕೆ: ಎಂಜಿನ್ ಬಿಸಿ ಇರುವಾಗ ರೇಡಿಯೇಟರಿನ ಮುಚ್ಚಳ ತೆಗೆಯಬೇಡಿ. ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಕುಕ್ಕರಿನ ಹಬೆ ಹೋಗುವ ಮೊದಲು ನೀವು ಮುಚ್ಚಳ ತೆಗೆಯುತ್ತೀರಾ? ಇದೂ ಹಾಗೆಯೇ.

7. ಎಲ್ಲಕ್ಕಿಂತ ಮುಖ್ಯ ಅಂಕಿ

ಗಾಡಿಯ ಕಾಗದಕ್ಕೆ ಆರ್.ಸಿ. ಎನ್ನುತ್ತಾರೆ. ಹಿಂದೆ ಇದು ಪುಸ್ತಕವಾಗಿತ್ತು. ಈಗ ಕಾರ್ಡು ಬಂದಿದೆ. ಆದರೂ ಜನ ಆರ್.ಸಿ. ಬುಕ್ ಎಂದೇ ಕರೆಯುತ್ತಾರೆ. ಅದರಲ್ಲಿ ಇವೆಲ್ಲ ಇರುತ್ತವೆ:

ಗಾಡಿಯ ನಂಬರ್
ಮಾಲೀಕರ ಹೆಸರು
ತಯಾರಾದ ತಿಂಗಳು ಮತ್ತು ವರ್ಷ
ಎಂಜಿನ್ ನಂಬರ್
ಚಾಸಿ ನಂಬರ್
ಸಿಲಿಂಡರ್ ಎಷ್ಟು, ಸಿ.ಸಿ. ಎಷ್ಟು
ನೋಂದಣಿ ಎಲ್ಲಿಯವರೆಗೆ ನಡೆಯುತ್ತದೆ

ಗಾಡಿಯ ನಂಬರಿನಿಂದ ಊರು ತಿಳಿಯುತ್ತದೆ. ಕೆ.ಎ. 65 ಎಂದರೆ ದಾಂಡೇಲಿ. ಕೆ.ಎ. 30 ಎಂದರೆ ಕಾರವಾರ. ಕೆ.ಎ. 31 ಎಂದರೆ ಶಿರಸಿ. ನಮ್ಮ ಕಡೆ ಗೋವಾ ಪಾಸಿಂಗ್ ಗಾಡಿಗಳೂ ಮಾರಾಟಕ್ಕೆ ಬರುತ್ತವೆ. ಅಂಥ ಗಾಡಿಗೆ ಅಲ್ಲಿಯ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕು. ಬೆಲೆ ಕಡಿಮೆ ಎಂದು ಮೋಸ ಹೋಗಬೇಡಿ.

ಸ್ವಂತ ಗಾಡಿಯ ನೋಂದಣಿ ಮೊದಲಿಗೆ 15 ವರ್ಷ ನಡೆಯುತ್ತದೆ. ಆಮೇಲೆ ಗಾಡಿ ತೋರಿಸಿ, ಶುಲ್ಕ ಕಟ್ಟಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಶುಲ್ಕ ಎಷ್ಟು ಎಂದು ಗಾಡಿ ಕೊಳ್ಳುವ ಮೊದಲೇ ಆರ್.ಟಿ.ಓ. ಕಚೇರಿಯಲ್ಲಿ ಕೇಳಿರಿ. ಹಳೆಯ ಗಾಡಿಗೆ ಅದು ದೊಡ್ಡ ಮೊತ್ತವೇ.

ಈಗ ಎಂಜಿನ್ ನಂಬರ್. 796 ಸಿ.ಸಿ. ಎಂಬುದು ಲಕ್ಷಾಂತರ ಗಾಡಿಗಳಿಗೆ ಒಂದೇ. ಮಾರುತಿ ಓಮ್ನಿ ವ್ಯಾನಿನ ಎಂಜಿನ್ ಕೂಡ 796 ಸಿ.ಸಿ. ಆದ್ದರಿಂದ ಸಿ.ಸಿ. ಎಂಬುದು ಊರಿನ ಹೆಸರಿನ ಹಾಗೆ. ಎಂಜಿನ್ ನಂಬರ್ ಮನುಷ್ಯರ ಹೆಸರಿನ ಹಾಗೆ. ಒಂದು ಎಂಜಿನ್ನಿಗೆ ಇರುವ ನಂಬರ್ ಇನ್ನೊಂದಕ್ಕೆ ಇರುವುದಿಲ್ಲ.

ಈ ನಂಬರನ್ನು ಎಂಜಿನ್ನಿನ ಲೋಹದ ಮೈ ಮೇಲೆ ಒತ್ತಿರುತ್ತಾರೆ. ಮಾರುತಿ 800ರ ನಂಬರ್ ಸಾಮಾನ್ಯವಾಗಿ ಎಫ್ 8 ಬಿ ಎಂದು ಶುರುವಾಗುತ್ತದೆ. ಅದು ಎಂಜಿನ್ನಿನ ಜಾತಿಯ ಗುರುತು. ಮುಂದಿನ ಅಂಕಿಗಳು ಆ ಒಂದೇ ಎಂಜಿನ್ನಿಗೆ ಸೇರಿದವು.

ಇಂಗ್ಲಿಷ್ ಅಕ್ಷರ ಬಾರದಿದ್ದರೆ ಏನು ಮಾಡುವುದು? ಅಕ್ಷರವನ್ನು ಚಿತ್ರ ಎಂದು ತಿಳಿಯಿರಿ. ಮಕ್ಕಳು ನಾಣ್ಯದ ಮೇಲೆ ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜುತ್ತಾರೆ. ನಾಣ್ಯದ ಚಿತ್ರ ಕಾಗದದ ಮೇಲೆ ಮೂಡುತ್ತದೆ. ನಂಬರಿನ ಮೇಲೂ ಹಾಗೆಯೇ ಮಾಡಿ. ಆರ್.ಟಿ.ಓ. ಕೆಲಸಕ್ಕೆ ಚಾಸಿ ನಂಬರಿನ ಪೆನ್ಸಿಲ್ ಅಚ್ಚನ್ನು ಹೀಗೆಯೇ ತೆಗೆಯುತ್ತಾರೆ. ಆ ಅಚ್ಚನ್ನು ಆರ್.ಸಿ. ಪಕ್ಕದಲ್ಲಿಟ್ಟು ಒಂದೊಂದೇ ಗುರುತು ಹೋಲಿಸಿ. ಒಂದು ಅಂಕಿ ತಪ್ಪಿದರೂ ನಿಲ್ಲಿ, ಕೇಳಿ.

8. ಆ ದಿನ ಏನಾಯಿತು?

ಭಾನುವಾರ ಬೆಳಿಗ್ಗೆ ಗಾಡಿ ಅಕ್ಕನ ಮನೆಯ ಮುಂದೆ ಬಂತು. ಬಿಳಿ ಗಾಡಿ, ತೊಳೆದು ಹೊಳೆಯುತ್ತಿತ್ತು. ಮಗನಿಗೆ ಹಿಗ್ಗು. ಮಾರುವವರು ಕಾಗದ ಮುಂದಿಟ್ಟರು.

"ಇಲ್ಲಿ ಸಹಿ ಮಾಡ್ರಿ ಅಮ್ಮಾ. ಬರದಿದ್ರ ಹೆಬ್ಬೆಟ್ಟು ನಡಿತೈತಿ."

"ಸಹಿ ಬರತೈತ್ರಿ. ಮೊದಲ ಬಾನೆಟ್ ತಗೀರಿ" ಎಂದರು ಅಕ್ಕ.

ಮಗ ಮುಜುಗರ ಪಟ್ಟ. "ಅವ್ವಾ, ನಿಂಗ ಏನ್ ತಿಳಿತೈತಿ? ಸುಮ್ನ ಇರು."

ಅಕ್ಕ ಸುಮ್ಮನೆ ಇರಲಿಲ್ಲ. ಸೆರಗಿನಿಂದ ಮಸಿ ಒರೆಸಿದರು. ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರು. ನಿಧಾನವಾಗಿ ಅಚ್ಚು ಮೂಡಿತು. ಅದನ್ನು ಆರ್.ಸಿ. ಪಕ್ಕದಲ್ಲಿಟ್ಟು ಹೋಲಿಸಿದರು. ಮೊದಲ ಗುರುತುಗಳು ಸರಿ ಇದ್ದವು. ಕೊನೆಯ ನಾಲ್ಕು ಅಂಕಿ ಹೊಂದಲಿಲ್ಲ. ಆರ್.ಸಿ.ಯಲ್ಲಿ 3174. ಎಂಜಿನ್ ಮೇಲೆ 6092.

ಅಕ್ಕ ಎರಡು ಸಲ ಓದಿದರು. ಮಗನ ಕೈಗೂ ಕೊಟ್ಟರು. ಮಗ ಓದಿ ಸುಮ್ಮನಾದ.

ಮಾರುವವರು, "ಹಳೇ ಎಂಜಿನ್ ಕೆಟ್ಟಿತ್ತು, ಬ್ಯಾರೆ ಹಾಕ್ಸೀವಿ. ಎಲ್ಲಾರೂ ಮಾಡ್ತಾರ" ಎಂದರು.

ಅಕ್ಕ ಹೇಳಿದ್ದು ಇಷ್ಟೇ: "ಬದಲಿ ಮಾಡಿದ್ದು ತಪ್ಪಲ್ರಿ. ಅದನ್ನ ಆರ್.ಸಿ.ದಾಗ ಬರಸ್ಕೊಂಡ ಬರ್‍ರಿ. ಆಮ್ಯಾಲ ಸಹಿ ಮಾಡ್ತೇನಿ."

ಅಕ್ಕನ ಮಾತು ಕಾನೂನಿನ ಮಾತೇ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಎಂಜಿನ್ ಬದಲಿಸಿದರೆ ಅದು ಆರ್.ಸಿ.ಯಲ್ಲಿ ದಾಖಲಾಗಬೇಕು. ದಾಖಲಾಗದ ಗಾಡಿ ಕೊಂಡರೆ ಹೆಸರು ಬದಲಿಸುವಾಗ ತೊಂದರೆ. ಅಪಘಾತವಾದರೆ ವಿಮೆಯ ಹಣಕ್ಕೆ ತಕರಾರು. ಆ ಎಂಜಿನ್ ಕದ್ದ ಮಾಲು ಆಗಿದ್ದರೆ ಪೊಲೀಸರು ನಮ್ಮ ಬಾಗಿಲಿಗೇ ಬರುತ್ತಾರೆ.

ಗಾಡಿ ಹಿಂದೆ ಹೋಯಿತು. ಮತ್ತೆ ಬರಲಿಲ್ಲ. 2,000 ಮುಂಗಡದಲ್ಲಿ 1,000 ಮಾತ್ರ ವಾಪಸ್ ಬಂತು. ಮುಂಗಡಕ್ಕೆ ರಸೀದಿ ಪಡೆದಿರಲಿಲ್ಲ. ಆ ಒಂದು ಸಾವಿರ ಹೋದದ್ದಕ್ಕೆ ಅಕ್ಕನಿಗೆ ಇವತ್ತಿಗೂ ಸಂಕಟ. ಮಗ ಎಂಟು ದಿನ ಸರಿಯಾಗಿ ಮಾತಾಡಲಿಲ್ಲ.

ಮೂರು ತಿಂಗಳ ನಂತರ ಇನ್ನೊಂದು ಮಾರುತಿ ಸಿಕ್ಕಿತು. ಅದರ ಬಣ್ಣ ಮಾಸಿತ್ತು. ಬಾಗಿಲಿಗೆ ಒಂದು ತಗ್ಗು ಬಿದ್ದಿತ್ತು. ಆದರೆ ಎಂಜಿನ್ ನಂಬರ್, ಚಾಸಿ ನಂಬರ್ ಎರಡೂ ಹೊಂದಿದವು. ನೀಲಿ ಹೊಗೆ ಇರಲಿಲ್ಲ. 52,000 ರೂಪಾಯಿಗೆ ಮಾತಾಯಿತು. ಈ ಸಲ ಅಚ್ಚು ತೆಗೆದವನು ಮಗ. ಓದಿದವರು ಅಕ್ಕ.

ಮುಂದಿನ ಮಳೆಗಾಲದಲ್ಲಿ ಅತ್ತೆಗೆ ಮತ್ತೆ ಉಬ್ಬಸ ಎದ್ದಿತು. ಕೂಡಲೇ ಮಗ ಗಾಡಿ ತೆಗೆದ. ಹೊತ್ತು ಮೂಡುವ ಮೊದಲೇ ದಾಂಡೇಲಿಯ ಆಸ್ಪತ್ರೆಯಲ್ಲಿ ಅತ್ತೆ ಮಲಗಿ ನಿದ್ದೆ ಮಾಡುತ್ತಿದ್ದರು.

9. ನೆನಪಿಡಿ

ಗಾಡಿ ನೋಡದೆ ಮುಂಗಡ ಕೊಡಬೇಡಿ. ಕೊಟ್ಟರೆ ರಸೀದಿ ಪಡೆಯಿರಿ.
ಎಂಜಿನ್ ನಂಬರ್, ಚಾಸಿ ನಂಬರ್ ಎರಡನ್ನೂ ಆರ್.ಸಿ. ಜೊತೆ ಹೋಲಿಸಿ.
ನೋಂದಣಿ, ವಿಮೆ, ಹೊಗೆ ತಪಾಸಣೆಯ ಚೀಟಿ: ಮೂರರ ತಾರೀಖನ್ನೂ ಓದಿ.
ಗಾಡಿಯ ಮೇಲೆ ಸಾಲ ಇದೆಯೇ ಎಂದು ಕೇಳಿ. ಇದ್ದರೆ ಅದು ಆರ್.ಸಿ.ಯಲ್ಲಿ ಬರೆದಿರುತ್ತದೆ.
ಹೆಸರು ಬದಲಾವಣೆಗೆ ನಮೂನೆ 29 ಮತ್ತು 30 ತುಂಬಬೇಕು. ಖಾಲಿ ನಮೂನೆಗೆ ಸಹಿ ಮಾಡಬೇಡಿ.
ಸ್ವಂತದ ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಓಡಿಸುವಂತಿಲ್ಲ.

ಹೊಸ ಪದಗಳು

ಸಿಲಿಂಡರ್: ಪಿಸ್ಟನ್ ಆಡುವ ಕೊಳವೆ
ಸಿ.ಸಿ.: ಸಿಲಿಂಡರಿನ ಒಳಜಾಗದ ಅಳತೆ
ಅಶ್ವಶಕ್ತಿ: ಯಂತ್ರದ ಬಲದ ಅಳತೆ
ಬೋರ್: ಸಿಲಿಂಡರಿನ ಒಳಗಿನ ಅಗಲ
ಚಾಸಿ: ಗಾಡಿಯ ಮೈಯ ಅಡಿಗಟ್ಟು
ನವೀಕರಣ: ಅವಧಿ ಮುಗಿದ ಕಾಗದವನ್ನು ಮತ್ತೆ ಹೊಸದು ಮಾಡಿಸುವುದು

ಅಭ್ಯಾಸ

ಅ) ಬಿಟ್ಟ ಸ್ಥಳ ತುಂಬಿರಿ.
1. ಮಾರುತಿ 800ರಲ್ಲಿ ______ ಸಿಲಿಂಡರ್‌ಗಳಿವೆ.
2. ಎಳೆ, ಒತ್ತು, ______, ಹೊರಹಾಕು.
3. ______ ಬಣ್ಣದ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ.

ಆ) ಲೆಕ್ಕ ಮಾಡಿರಿ.
1. ಒಂದು ಗಾಡಿಯ ನೋಂದಣಿ 2006ರಲ್ಲಿ ಆಯಿತು. ಮೊದಲ ಅವಧಿ 15 ವರ್ಷ. ಅದು ಯಾವ ವರ್ಷ ಮುಗಿಯಿತು? ಮುಂದಿನ 5 ವರ್ಷ ಯಾವಾಗ ಮುಗಿಯುತ್ತದೆ?
2. ಟ್ಯಾಂಕ್ ತುಂಬಿಸಿ 240 ಕಿಲೋಮೀಟರ್ ಓಡಿಸಿದೆವು. ಮತ್ತೆ ತುಂಬಿಸಲು 15 ಲೀಟರ್ ಹಿಡಿಯಿತು. ಲೀಟರಿಗೆ ಎಷ್ಟು ಕಿಲೋಮೀಟರ್ ಓಡಿತು?

ಇ) ಮಾಡಿ ನೋಡಿ.
ನಿಮ್ಮ ಮನೆಯ ಅಥವಾ ನೆರೆಮನೆಯ ಗಾಡಿಯ ಆರ್.ಸಿ. ಕೇಳಿ ತನ್ನಿ. ಅದರಲ್ಲಿ ಸಿ.ಸಿ. ಎಷ್ಟಿದೆ, ಎಂಜಿನ್ ನಂಬರಿನ ಕೊನೆಯ ನಾಲ್ಕು ಅಂಕಿ ಯಾವುವು ಎಂದು ನಿಮ್ಮ ವಹಿಯಲ್ಲಿ ಬರೆಯಿರಿ. ಬರೆದದ್ದನ್ನು ಮನೆಯವರಿಗೆ ಓದಿ ಹೇಳಿರಿ.